ವಂಚಕ ಜಾಲತಾಣಗಳಿಂದ ಮನೆಯ ಗಣಕಯಂತ್ರವನ್ನು ರಕ್ಷಿಸಿಕೊಳ್ಳುವ ಸರಳ ವಿಧಾನಗಳು

ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ

1. ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಋಣಭಾರ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದ ಅನೇಕ ಸೇವೆಗಳಿಗೆ ನಾಗರಿಕರು ಈಗ ಮನೆಯಿಂದಲೇ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಇದರಿಂದ ಕಚೇರಿಗೆ ಅಲೆದಾಡುವ ಶ್ರಮವು ಕಡಿಮೆಯಾಗಿದೆ. ಆದರೆ ಇದೇ ಕಾರಣದಿಂದ ಮನೆಯ ಗಣಕಯಂತ್ರವು ಕುಟುಂಬದ ದಾಖಲೆಗಳ ಪೆಟ್ಟಿಗೆಯೂ ಆಗಿದೆ. ಆಧಾರ್ ಪ್ರತಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಭಾವಚಿತ್ರ, ಸಹಿಯ ಪ್ರತಿ ಇವೆಲ್ಲವೂ ಒಂದೇ ಯಂತ್ರದಲ್ಲಿ ಇರುತ್ತವೆ. ಇಂತಹ ಯಂತ್ರವು ವಂಚಕರ ವಶವಾದಲ್ಲಿ ಇಡೀ ಕುಟುಂಬಕ್ಕೆ ತೊಂದರೆಯಾಗುತ್ತದೆ.

ಈ ಪುಟದಲ್ಲಿ ವಂಚಕ ಜಾಲತಾಣಗಳು ಕೆಲಸ ಮಾಡುವ ಬಗೆ, ಅವುಗಳನ್ನು ಗುರುತಿಸುವ ವಿಧಾನ, ಗಣಕಯಂತ್ರದಲ್ಲಿ ಒಮ್ಮೆ ಮಾಡಿಡಬೇಕಾದ ವ್ಯವಸ್ಥೆಗಳು ಹಾಗೂ ವಂಚನೆಯಾದಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ವಿವರಿಸಲಾಗಿದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹಣದ ವೆಚ್ಚವಿಲ್ಲ. ವಿಶೇಷ ತಾಂತ್ರಿಕ ಜ್ಞಾನವೂ ಬೇಕಿಲ್ಲ.

2. ಅಪಾಯವು ಬರುವ ದಾರಿಗಳು

ವಂಚಕ ಜಾಲತಾಣಗಳಿಂದ ಮೂರು ರೀತಿಯ ಹಾನಿಯು ಸಂಭವಿಸುತ್ತದೆ.

(ಅ) ನಕಲಿ ತಾಣಗಳು: ಸರ್ಕಾರಿ ಇಲಾಖೆ ಅಥವಾ ಬ್ಯಾಂಕಿನ ತಾಣದಂತೆಯೇ ಕಾಣುವ ಪುಟವನ್ನು ರಚಿಸಿ, ಅರ್ಜಿದಾರರು ತುಂಬುವ ವಿವರಗಳನ್ನು ಮತ್ತು ಪಾವತಿಸುವ ಶುಲ್ಕವನ್ನು ಕಬಳಿಸುವುದು. ಇಲ್ಲಿ ಗಣಕಯಂತ್ರಕ್ಕೆ ಏನೂ ಆಗುವುದಿಲ್ಲ, ಅರ್ಜಿದಾರರಿಗೆ ಹಾನಿಯಾಗುತ್ತದೆ.

(ಆ) ದುಷ್ಟ ತಂತ್ರಾಂಶ ಹರಡುವ ತಾಣಗಳು: ಉಪಯುಕ್ತ ತಂತ್ರಾಂಶ, ಅರ್ಜಿ ನಮೂನೆ ಅಥವಾ ಚಲನಚಿತ್ರದ ಹೆಸರಿನಲ್ಲಿ ಹಾನಿಕಾರಕ ಕಡತವನ್ನು ಇಳಿಸುವುದು. ಹಳೆಯದಾದ, ಪರಿಷ್ಕರಿಸದ ಬ್ರೌಸರ್ ಇದ್ದಲ್ಲಿ ಪುಟವನ್ನು ತೆರೆದಷ್ಟಕ್ಕೇ ಸೋಂಕು ತಗಲುವ ಸಂಭವವೂ ಉಂಟು. ಇಂತಹ ಕೆಲವು ತಂತ್ರಾಂಶಗಳು ಬ್ರೌಸರ್‌ನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನು ಕದ್ದು ಕಳುಹಿಸುತ್ತವೆ. ಮತ್ತೆ ಕೆಲವು ಕಡತಗಳಿಗೆ ಬೀಗ ಹಾಕಿ, ತೆರೆಯಲು ಹಣ ಕೇಳುತ್ತವೆ.

(ಇ) ಹೆದರಿಸುವ ತಾಣಗಳು: ಗಣಕಯಂತ್ರಕ್ಕೆ ವೈರಸ್ ತಗುಲಿದೆಯೆಂದು ಬೆದರಿಸಿ, ಬಳಕೆದಾರರೇ ದೂರವಾಣಿ ಕರೆ ಮಾಡುವಂತೆ ಅಥವಾ ಹಾನಿಕಾರಕ ಆದೇಶವನ್ನು ತಾವಾಗಿಯೇ ನೀಡುವಂತೆ ಮಾಡುವುದು.

ಮೂರರಲ್ಲಿಯೂ ಸಾಮಾನ್ಯವಾದ ಅಂಶವೊಂದಿದೆ. ವಂಚಕನು ಬಹುಪಾಲು ಸಂದರ್ಭಗಳಲ್ಲಿ ಯಂತ್ರದ ದೋಷಕ್ಕಿಂತ ಬಳಕೆದಾರರ ಅವಸರವನ್ನೇ ಅವಲಂಬಿಸುತ್ತಾನೆ. ಕೊನೆಯ ದಿನಾಂಕದ ಸಂಜೆ ಅರ್ಜಿ ತುಂಬುತ್ತಿರುವವರು ವಿಳಾಸವನ್ನು ಓದುವ ತಾಳ್ಮೆಯನ್ನು ಕಳೆದುಕೊಂಡಿರುತ್ತಾರೆ. ಆದುದರಿಂದ ಕೊನೆಯ ದಿನದವರೆಗೆ ಕಾಯದೆ ಅರ್ಜಿ ಸಲ್ಲಿಸುವುದೂ ಒಂದು ಸುರಕ್ಷತಾ ಕ್ರಮವೇ ಆಗಿದೆ.

3. ಜಾಲತಾಣದ ವಿಳಾಸವನ್ನು ಓದುವ ಕ್ರಮ

ಜಾಲತಾಣದ ವಿಳಾಸವು ಬ್ರೌಸರ್‌ನ ಮೇಲ್ಭಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕಾಣುತ್ತದೆ. ಓದುಗರ ಅನುಕೂಲಕ್ಕಾಗಿ ಇಲ್ಲಿ ವಿಳಾಸಗಳನ್ನು ಕನ್ನಡ ಲಿಪಿಯಲ್ಲಿ ನೀಡಲಾಗಿದೆ.

ಸರ್ಕಾರಿ ಜಾಲತಾಣಗಳ ವಿಳಾಸವು ಸಾಮಾನ್ಯವಾಗಿ 'ಗವ್.ಇನ್' (ಜಿ, ಓ, ವಿ, ಚುಕ್ಕೆ, ಐ, ಎನ್) ಅಥವಾ 'ಎನ್‌ಐಸಿ.ಇನ್' ಎಂದು ಮುಕ್ತಾಯವಾಗುತ್ತದೆ. ಈ ಹೆಸರುಗಳು ಸರ್ಕಾರದ ಬಳಕೆಗೆ ಮೀಸಲಾಗಿದ್ದು, ಖಾಸಗಿ ವ್ಯಕ್ತಿಗಳಿಗೆ ದೊರೆಯುವುದಿಲ್ಲ. ಕರ್ನಾಟಕ ಸರ್ಕಾರದ ಅನೇಕ ತಾಣಗಳು 'ಕರ್ನಾಟಕ.ಗವ್.ಇನ್' ಎಂದು ಮುಗಿಯುತ್ತವೆ. ಸೇವಾ ಸಿಂಧು ಮತ್ತು ನೋಂದಣಿ ಇಲಾಖೆಯ ಕಾವೇರಿ ತಾಣಗಳು ಇದಕ್ಕೆ ಉದಾಹರಣೆ.

ವಿಳಾಸವನ್ನು ಪರಿಶೀಲಿಸುವಾಗ ಈ ಕೆಳಗಿನ ಕ್ರಮವನ್ನು ಅನುಸರಿಸತಕ್ಕದ್ದು.

(1) ವಿಳಾಸದ ಆರಂಭದಲ್ಲಿ ಜೋಡಿ ಓರೆಗೆರೆಗಳು ಕಂಡಲ್ಲಿ ಅವನ್ನು ಬಿಟ್ಟು, ಅನಂತರ ಬರುವ ಮೊದಲ ಒಂಟಿ ಓರೆಗೆರೆಯನ್ನು ಗುರುತಿಸಬೇಕು. ಒಂಟಿ ಓರೆಗೆರೆ ಇಲ್ಲದಿದ್ದಲ್ಲಿ ವಿಳಾಸದ ಕೊನೆಯನ್ನೇ ತೆಗೆದುಕೊಳ್ಳಬೇಕು.

(2) ಅಲ್ಲಿಂದ ಹಿಂದಕ್ಕೆ, ಅಂದರೆ ಬಲದಿಂದ ಎಡಕ್ಕೆ, ಚುಕ್ಕೆಗಳ ನಡುವಿನ ಪದಗಳನ್ನು ಓದಬೇಕು. ತಾಣದ ಒಡೆತನ ಯಾರದೆಂಬುದು ಈ ಕೊನೆಯ ಪದಗಳಿಂದಲೇ ತಿಳಿಯುತ್ತದೆ.

(3) ಎಡಭಾಗದಲ್ಲಿರುವ ಪದಗಳನ್ನು ತಾಣದ ಮಾಲೀಕನು ತನ್ನ ಇಚ್ಛೆಯಂತೆ ಇಟ್ಟುಕೊಳ್ಳಬಹುದು. ಆದುದರಿಂದ ಅಲ್ಲಿ 'ಕರ್ನಾಟಕ' ಅಥವಾ 'ಗವ್' ಎಂದಿರುವುದಕ್ಕೆ ಯಾವ ಬೆಲೆಯೂ ಇಲ್ಲ.

ಉದಾಹರಣೆಗೆ, 'ಸೇವೆ.ಕರ್ನಾಟಕ.ಗವ್.ಇನ್' ಎಂಬ ರೂಪದ ವಿಳಾಸವು ಸರ್ಕಾರದ್ದಾಗಿರುತ್ತದೆ. 'ಕರ್ನಾಟಕ.ಗವ್.ಇನ್.ಅರ್ಜಿ.ಕಾಮ್' ಎಂಬ ರೂಪದ ವಿಳಾಸವು 'ಅರ್ಜಿ.ಕಾಮ್' ಎಂಬ ಹೆಸರನ್ನು ಪಡೆದ ಯಾರದ್ದಾದರೂ ಆಗಿರಬಹುದು. 'ಕರ್ನಾಟಕ-ಗವ್-ಇನ್.ಕಾಮ್' ಎಂಬಲ್ಲಿ ಚುಕ್ಕೆಗಳ ಬದಲಿಗೆ ಅಡ್ಡಗೆರೆಗಳಿವೆ. ಇದೂ ಸರ್ಕಾರದ ವಿಳಾಸವಲ್ಲ. ಈ ವಿಳಾಸಗಳನ್ನು ವ್ಯತ್ಯಾಸ ತೋರಿಸುವ ಸಲುವಾಗಿ ಮಾತ್ರ ಬರೆಯಲಾಗಿದೆ.

ಅಕ್ಷರಗಳ ಹೋಲಿಕೆಯ ಬಗ್ಗೆಯೂ ಎಚ್ಚರ ಅಗತ್ಯ. ಇಂಗ್ಲಿಷಿನ ಸಣ್ಣ 'ಎಲ್' ಅಕ್ಷರವು 1 ಎಂಬ ಅಂಕಿಯಂತೆ ಕಾಣುತ್ತದೆ. 'ಆರ್' ಮತ್ತು 'ಎನ್' ಅಕ್ಷರಗಳನ್ನು ಒತ್ತಾಗಿ ಬರೆದಲ್ಲಿ 'ಎಂ' ಅಕ್ಷರದ ಭ್ರಮೆಯುಂಟಾಗುತ್ತದೆ.

ಬೀಗದ ಚಿಹ್ನೆಯ ಬಗ್ಗೆ: ವಿಳಾಸದ ಪಕ್ಕದಲ್ಲಿ ಬೀಗದ ಚಿಹ್ನೆಯಿದ್ದರೆ ತಾಣವು ನಂಬಿಕೆಗೆ ಅರ್ಹವೆಂಬ ಅಭಿಪ್ರಾಯವು ಹಿಂದೆ ಪ್ರಚಲಿತವಾಗಿತ್ತು. ಇದು ಸರಿಯಲ್ಲ. ನಾಗರಿಕರ ಯಂತ್ರ ಮತ್ತು ಆ ತಾಣದ ನಡುವೆ ಹೋಗುವ ಮಾಹಿತಿಯನ್ನು ಮಧ್ಯದಲ್ಲಿ ಯಾರೂ ಓದಲಾರರೆಂಬುದನ್ನಷ್ಟೇ ಆ ಚಿಹ್ನೆಯು ಸೂಚಿಸುತ್ತದೆ. ತಾಣವನ್ನು ನಡೆಸುವವನು ಪ್ರಾಮಾಣಿಕನೆಂದು ಅದು ಹೇಳುವುದಿಲ್ಲ. ಇದಕ್ಕೆ ಬೇಕಾದ ಪ್ರಮಾಣಪತ್ರವು ಉಚಿತವಾಗಿ ದೊರೆಯುವುದರಿಂದ ನಕಲಿ ತಾಣಗಳೂ ಅದನ್ನು ಹೊಂದಿರುತ್ತವೆ. ಈ ತಪ್ಪುಕಲ್ಪನೆಯ ಕಾರಣದಿಂದಲೇ ಗೂಗಲ್ ಸಂಸ್ಥೆಯು 2023ರ ಸೆಪ್ಟೆಂಬರ್‌ನಲ್ಲಿ ತನ್ನ ಕ್ರೋಮ್ ಬ್ರೌಸರ್‌ನಿಂದ ಬೀಗದ ಚಿಹ್ನೆಯನ್ನು ತೆಗೆದು ಬೇರೊಂದು ಚಿಹ್ನೆಯನ್ನು ಅಳವಡಿಸಿತು.

ಎಲ್ಲ ಅಧಿಕೃತ ಸೇವೆಗಳೂ 'ಗವ್.ಇನ್' ವಿಳಾಸದಲ್ಲಿ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಉದಾಹರಣೆಗೆ, ರೈಲ್ವೆ ಟಿಕೆಟ್ ನೀಡುವ ಐಆರ್‌ಸಿಟಿಸಿ ಸಂಸ್ಥೆಯ ವಿಳಾಸವು 'ಸಿಓ.ಇನ್' ಎಂದು ಮುಗಿಯುತ್ತದೆ. ಪ್ಯಾನ್ ಅರ್ಜಿಗಳನ್ನು ಆದಾಯ ತೆರಿಗೆ ಇಲಾಖೆಯಿಂದ ಅಧಿಕಾರ ಪಡೆದ ಸಂಸ್ಥೆಗಳೂ ಸ್ವೀಕರಿಸುತ್ತವೆ. ಇಂತಹ ಸಂದರ್ಭಗಳಲ್ಲಿ ಮೊದಲು ಸಂಬಂಧಪಟ್ಟ ಇಲಾಖೆ ಅಥವಾ ಸಚಿವಾಲಯದ 'ಗವ್.ಇನ್' ತಾಣವನ್ನು ತೆರೆದು, ಅಲ್ಲಿ ನೀಡಿರುವ ಕೊಂಡಿಯ ಮೂಲಕವೇ ಮುಂದುವರಿಯುವುದು ಸೂಕ್ತ.

4. ಹುಡುಕು ತಾಣಗಳ ಬಳಕೆ

ಹೆಚ್ಚಿನ ಅರ್ಜಿದಾರರು ಇಲಾಖೆಯ ವಿಳಾಸವನ್ನು ತಾವೇ ಬರೆಯದೆ, ಸೇವೆಯ ಹೆಸರನ್ನು ಗೂಗಲ್ ಮುಂತಾದ ಹುಡುಕು ತಾಣಗಳಲ್ಲಿ ಹುಡುಕುತ್ತಾರೆ. ಫಲಿತಾಂಶಗಳ ಮೇಲ್ಭಾಗದಲ್ಲಿ ಬರುವ ಮೊದಲ ಕೆಲವು ಕೊಂಡಿಗಳು ಹಣ ನೀಡಿ ಹಾಕಿಸಿದ ಜಾಹೀರಾತುಗಳಾಗಿರಬಹುದು. ಅವುಗಳ ಮೇಲೆ 'ಪ್ರಾಯೋಜಿತ' ಎಂಬ ಸಣ್ಣ ಸೂಚನೆ ಇರುತ್ತದೆ. ಮೊದಲಿಗೆ ಕಾಣುವ ಕೊಂಡಿಯೇ ಅಧಿಕೃತವೆಂದು ಭಾವಿಸುವುದು ತಪ್ಪು.

ಪಾಸ್‌ಪೋರ್ಟ್ ಸೇವೆಯ ಉದಾಹರಣೆಯು ಇಲ್ಲಿ ಗಮನಾರ್ಹ. ಪಾಸ್‌ಪೋರ್ಟ್ ಸೇವೆ ನೀಡುವುದಾಗಿ ಹೇಳಿಕೊಂಡು ಅರ್ಜಿದಾರರಿಂದ ಮಾಹಿತಿ ಮತ್ತು ಹೆಚ್ಚುವರಿ ಹಣವನ್ನು ಸಂಗ್ರಹಿಸುವ ನಕಲಿ ತಾಣಗಳ ಬಗ್ಗೆ ವಿದೇಶಾಂಗ ಸಚಿವಾಲಯವು ಸಾರ್ವಜನಿಕ ಎಚ್ಚರಿಕೆಯನ್ನು ಪ್ರಕಟಿಸಿದೆ. ಪಾಸ್‌ಪೋರ್ಟ್‌ನ ಅಧಿಕೃತ ತಾಣವು 'ಪಾಸ್‌ಪೋರ್ಟ್‌ಇಂಡಿಯಾ.ಗವ್.ಇನ್' ಆಗಿದೆ.

ಒಮ್ಮೆ ಸರಿಯಾದ ತಾಣವನ್ನು ಖಚಿತಪಡಿಸಿಕೊಂಡ ಬಳಿಕ ಅದನ್ನು ಬ್ರೌಸರ್‌ನ ಬುಕ್‌ಮಾರ್ಕ್‌ನಲ್ಲಿ ಸೇರಿಸಿಡಬೇಕು. ಮುಂದಿನ ಬಾರಿ ಅಲ್ಲಿಂದಲೇ ತೆರೆದಲ್ಲಿ ಹುಡುಕುವ ಅಗತ್ಯವಿರುವುದಿಲ್ಲ. ಮೊಬೈಲ್ ಸಂದೇಶ, ವಾಟ್ಸ್‌ಆಪ್ ಅಥವಾ ಇ-ಮೇಲ್ ಮೂಲಕ ಬರುವ ಕೊಂಡಿಗಳನ್ನು, ಅವು ಪರಿಚಿತರಿಂದಲೇ ಬಂದಿದ್ದರೂ, ಅರ್ಜಿ ಸಲ್ಲಿಸಲು ಬಳಸಬಾರದು. ಕಳುಹಿಸಿದವರಿಗೂ ಅದು ಬೇರೆಯವರಿಂದ ಬಂದಿರುವ ಸಾಧ್ಯತೆ ಇರುತ್ತದೆ.

5. ಗಣಕಯಂತ್ರದಲ್ಲಿ ಒಮ್ಮೆ ಮಾಡಿಡಬೇಕಾದ ವ್ಯವಸ್ಥೆಗಳು

5.1 ಸ್ವಯಂಚಾಲಿತ ಪರಿಷ್ಕರಣೆ (ಅಪ್‌ಡೇಟ್)

ತಂತ್ರಾಂಶದಲ್ಲಿ ಪತ್ತೆಯಾದ ದೋಷಗಳನ್ನು ಸರಿಪಡಿಸುವ ಪರಿಷ್ಕರಣೆಗಳನ್ನು ತಯಾರಕರು ಆಗಾಗ ಬಿಡುಗಡೆ ಮಾಡುತ್ತಾರೆ. ಇವುಗಳನ್ನು ಅಳವಡಿಸಿಕೊಳ್ಳದ ಯಂತ್ರಗಳಿಗೆ ಹೆಚ್ಚಿನ ಅಪಾಯವಿರುತ್ತದೆ. 2017ರ ಮೇ 12ರಂದು ಹರಡಲಾರಂಭಿಸಿದ 'ವನ್ನಾಕ್ರೈ' ಎಂಬ ದುಷ್ಟ ತಂತ್ರಾಂಶವು 150ಕ್ಕೂ ಹೆಚ್ಚು ದೇಶಗಳ ಗಣಕಯಂತ್ರಗಳ ಕಡತಗಳಿಗೆ ಬೀಗ ಹಾಕಿತು. ಅದು ಬಳಸಿಕೊಂಡ ದೋಷವನ್ನು ಸರಿಪಡಿಸುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಸುಮಾರು ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು, ನೀಡಿತ್ತು. ಈ ತಂತ್ರಾಂಶವು ಜಾಲತಾಣದ ಬದಲು ಜಾಲಸಂಪರ್ಕದ ಮೂಲಕ ಹರಡಿತಾದರೂ, ಪರಿಷ್ಕರಣೆಯನ್ನು ಮುಂದೂಡುವುದರ ಪರಿಣಾಮವನ್ನು ಇದು ತೋರಿಸುತ್ತದೆ.

ಆದುದರಿಂದ ಕಾರ್ಯಾಚರಣಾ ವ್ಯವಸ್ಥೆ ಮತ್ತು ಬ್ರೌಸರ್ ಎರಡರಲ್ಲಿಯೂ ಸ್ವಯಂಚಾಲಿತ ಪರಿಷ್ಕರಣೆಯನ್ನು ಚಾಲನೆಯಲ್ಲಿಡತಕ್ಕದ್ದು.

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹಾಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ವಿಂಡೋಸ್ 10 ಬಳಕೆದಾರರಿಗೆ ನಿಗದಿತ ಅವಧಿಯವರೆಗೆ ವಿಸ್ತರಿತ ಭದ್ರತಾ ಪರಿಷ್ಕರಣೆಯ ಯೋಜನೆಯನ್ನು ಸಂಸ್ಥೆಯು ಒದಗಿಸಿತು. ಅದಕ್ಕೆ ಪ್ರತ್ಯೇಕ ನೋಂದಣಿ ಅಗತ್ಯ. ಯಂತ್ರವು ಹೊಂದುವಂತಿದ್ದಲ್ಲಿ ವಿಂಡೋಸ್ 11ಕ್ಕೆ ಬದಲಾಯಿಸಿಕೊಳ್ಳಬಹುದು. ಹೊಂದದಿದ್ದಲ್ಲಿ ಉಬುಂಟು ಮುಂತಾದ ಉಚಿತ ಲಿನಕ್ಸ್ ವ್ಯವಸ್ಥೆಗಳನ್ನು ಅಳವಡಿಸಿಕೊಂಡು ಹಳೆಯ ಯಂತ್ರವನ್ನೇ ಸುರಕ್ಷಿತವಾಗಿ ಬಳಸಬಹುದು.

ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ ಅನ್ನು 2022ರ ಜೂನ್ 15ರಂದು ಹಿಂತೆಗೆದುಕೊಳ್ಳಲಾಯಿತು. ಅಡೋಬ್ ಫ್ಲ್ಯಾಶ್ ಪ್ಲೇಯರ್‌ಗೆ ನೀಡುತ್ತಿದ್ದ ಬೆಂಬಲವು 2020ರ ಡಿಸೆಂಬರ್ 31ರಂದು ಕೊನೆಗೊಂಡಿತು. ಪುಟವನ್ನು ನೋಡಲು ಫ್ಲ್ಯಾಶ್ ಪ್ಲೇಯರ್ ಅಳವಡಿಸಿರೆಂದು ಈಗ ಯಾವುದೇ ತಾಣವು ಸೂಚಿಸಿದಲ್ಲಿ ಅದನ್ನು ವಂಚನೆಯೆಂದೇ ತಿಳಿಯಬೇಕು.

5.2 ವೈರಸ್ ನಿರೋಧಕ ತಂತ್ರಾಂಶ

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ವೈರಸ್ ನಿರೋಧಕವು ಯಂತ್ರದೊಂದಿಗೇ ಬರುತ್ತದೆ. ಅದು ಚಾಲನೆಯಲ್ಲಿದೆಯೇ ಎಂಬುದನ್ನು 'ವಿಂಡೋಸ್ ಸೆಕ್ಯುರಿಟಿ' ಎಂಬ ಪುಟದಲ್ಲಿ ಪರಿಶೀಲಿಸಬಹುದು. ಬೇರೆ ಸಂಸ್ಥೆಯ ವೈರಸ್ ನಿರೋಧಕವನ್ನು ಖರೀದಿಸಿದಲ್ಲಿ ಅದರ ಅವಧಿಯನ್ನು ಗಮನದಲ್ಲಿಡಬೇಕು. ಅವಧಿ ಮುಗಿದ ನಿರೋಧಕವು ಹೊಸ ಅಪಾಯಗಳನ್ನು ಗುರುತಿಸಲಾರದು. ಯಾವುದಾದರೂ ತಂತ್ರಾಂಶವನ್ನು ಅಳವಡಿಸುವ ಸಲುವಾಗಿ ವೈರಸ್ ನಿರೋಧಕವನ್ನು ನಿಲ್ಲಿಸಿರೆಂದು ಸೂಚನೆ ಬಂದಲ್ಲಿ ಆ ತಂತ್ರಾಂಶವನ್ನು ಕೈಬಿಡುವುದೇ ಕ್ಷೇಮ.

5.3 ದಿನಬಳಕೆಗೆ ಪ್ರತ್ಯೇಕ ಖಾತೆ

ಗಣಕಯಂತ್ರದಲ್ಲಿ ಎರಡು ಬಗೆಯ ಬಳಕೆದಾರ ಖಾತೆಗಳಿರುತ್ತವೆ. 'ಅಡ್ಮಿನಿಸ್ಟ್ರೇಟರ್' ಖಾತೆಗೆ ಯಂತ್ರದ ಎಲ್ಲ ಭಾಗಗಳನ್ನು ಬದಲಾಯಿಸುವ ಅಧಿಕಾರವಿದೆ. ಸಾಮಾನ್ಯ ಖಾತೆಗೆ ಅಷ್ಟು ಅಧಿಕಾರವಿಲ್ಲ. ದಿನನಿತ್ಯದ ಕೆಲಸಕ್ಕೆ, ವಿಶೇಷವಾಗಿ ಮಕ್ಕಳ ಬಳಕೆಗೆ, ಸಾಮಾನ್ಯ ಖಾತೆಯನ್ನೇ ರಚಿಸಿಕೊಡಬೇಕು. ಆಗ ಹಾನಿಕಾರಕ ಕಡತವು ತೆರೆದರೂ ಅದರ ಪರಿಣಾಮವು ಸೀಮಿತಗೊಳ್ಳುತ್ತದೆ.

5.4 ಬ್ರೌಸರ್‌ನ ಎಚ್ಚರಿಕೆ ವ್ಯವಸ್ಥೆ

ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳು ಗೂಗಲ್ ಸಂಸ್ಥೆಯ 'ಸೇಫ್ ಬ್ರೌಸಿಂಗ್' ಪಟ್ಟಿಯನ್ನು, ಎಡ್ಜ್ ಬ್ರೌಸರ್ 'ಸ್ಮಾರ್ಟ್‌ಸ್ಕ್ರೀನ್' ವ್ಯವಸ್ಥೆಯನ್ನು ಬಳಸಿ, ಅಪಾಯಕಾರಿ ತಾಣಗಳನ್ನು ತೆರೆಯುವ ಮೊದಲು ಎಚ್ಚರಿಕೆ ನೀಡುತ್ತವೆ. ಈ ವ್ಯವಸ್ಥೆಯನ್ನು ನಿಲ್ಲಿಸಬಾರದು. ಎಚ್ಚರಿಕೆ ಬಂದ ಪುಟವನ್ನು ಮೀರಿ ಮುಂದುವರಿಯಬಾರದು. ಹೊಸದಾಗಿ ಹುಟ್ಟಿಕೊಂಡ ನಕಲಿ ತಾಣವು ಈ ಪಟ್ಟಿಗೆ ಸೇರಲು ಸಮಯ ಹಿಡಿಯುವುದರಿಂದ, ಎಚ್ಚರಿಕೆ ಬಾರದಿದ್ದ ಮಾತ್ರಕ್ಕೆ ತಾಣವು ಸುರಕ್ಷಿತವೆಂದೂ ತಿಳಿಯಬಾರದು.

5.5 ಅಪಾಯಕಾರಿ ತಾಣಗಳನ್ನು ತಡೆಯುವ ಡಿಎನ್‌ಎಸ್ ಸೇವೆ

ಜಾಲತಾಣದ ಹೆಸರನ್ನು ಬರೆದಾಗ ಅದಕ್ಕೆ ಸಂಬಂಧಿಸಿದ ಸಂಖ್ಯಾರೂಪದ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ದೂರವಾಣಿ ಪುಸ್ತಕದಲ್ಲಿ ಹೆಸರಿನಿಂದ ಸಂಖ್ಯೆಯನ್ನು ಹುಡುಕಿದಂತೆ ಇದು ಕೆಲಸ ಮಾಡುತ್ತದೆ. ಅಪಾಯಕಾರಿಯೆಂದು ತಿಳಿದುಬಂದ ತಾಣಗಳ ಸಂಖ್ಯೆಯನ್ನು ನೀಡಲು ನಿರಾಕರಿಸುವ ಉಚಿತ ಡಿಎನ್‌ಎಸ್ ಸೇವೆಗಳಿವೆ. 'ಕ್ವಾಡ್9' (9.9.9.9) ಅಂತಹ ಒಂದು ಸೇವೆ. ಮನೆಯ ವೈ-ಫೈ ರೂಟರ್‌ನಲ್ಲಿ ಇದನ್ನು ಒಮ್ಮೆ ನಮೂದಿಸಿದಲ್ಲಿ ಮನೆಯ ಗಣಕಯಂತ್ರ ಮತ್ತು ಮೊಬೈಲ್‌ಗಳೆರಡಕ್ಕೂ ರಕ್ಷಣೆ ದೊರೆಯುತ್ತದೆ. ಇಂಟರ್ನೆಟ್ ಸಂಪರ್ಕ ನೀಡುವ ತಂತ್ರಜ್ಞರ ನೆರವನ್ನು ಪಡೆಯಬಹುದು. ಇದೇ ಸಂದರ್ಭದಲ್ಲಿ ರೂಟರ್‌ನೊಂದಿಗೆ ಬಂದ ಮೂಲ ಗುಪ್ತಪದವನ್ನೂ ಬದಲಾಯಿಸುವುದು ಒಳಿತು.

5.6 ದಾಖಲೆಗಳ ಪ್ರತ್ಯೇಕ ಪ್ರತಿ

ಪ್ರಮುಖ ಕಡತಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಇರಿಸಿ, ಅದನ್ನು ಯಂತ್ರದಿಂದ ಬೇರ್ಪಡಿಸಿ ತೆಗೆದಿಡಬೇಕು. ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟಲ್ಲಿ ಕಡತಗಳಿಗೆ ಬೀಗ ಹಾಕುವ ದುಷ್ಟ ತಂತ್ರಾಂಶವು ಆ ಪ್ರತಿಯನ್ನೂ ಹಾಳುಮಾಡುತ್ತದೆ.

6. ಕಡತ ಮತ್ತು ತಂತ್ರಾಂಶಗಳನ್ನು ಇಳಿಸಿಕೊಳ್ಳುವಾಗ

(1) ತಂತ್ರಾಂಶವನ್ನು ಅದರ ತಯಾರಕರ ತಾಣದಿಂದ ಮಾತ್ರ ಪಡೆಯಬೇಕು. 'ನುಡಿ' ಮುಂತಾದ ಕನ್ನಡ ತಂತ್ರಾಂಶ ಹಾಗೂ ಫಾಂಟ್‌ಗಳನ್ನು ಎಲ್ಲೆಲ್ಲಿಯೋ ದೊರೆಯುವ ಪ್ರತಿಗಳಿಂದ ಅಳವಡಿಸಬಾರದು. ಕನ್ನಡದಲ್ಲಿ ಅರ್ಜಿ ತುಂಬಲು ವಿಂಡೋಸ್‌ನಲ್ಲಿಯೇ ಕನ್ನಡ ಕೀಲಿಮಣೆ ಲಭ್ಯವಿದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಅದನ್ನು ಸೇರಿಸಿಕೊಳ್ಳಬಹುದು.

(2) ಹಣ ನೀಡಿ ಪಡೆಯಬೇಕಾದ ತಂತ್ರಾಂಶದ ಕಳ್ಳಪ್ರತಿಗಳನ್ನು ಬಳಸಬಾರದು. ಇವು ದುಷ್ಟ ತಂತ್ರಾಂಶ ಹರಡುವ ಪ್ರಮುಖ ಸಾಧನಗಳಾಗಿವೆ.

(3) ಅರ್ಜಿ ನಮೂನೆ, ಸುತ್ತೋಲೆ ಮತ್ತು ಪ್ರಮಾಣಪತ್ರಗಳು ಸಾಮಾನ್ಯವಾಗಿ ಪಿಡಿಎಫ್ ರೂಪದಲ್ಲಿರುತ್ತವೆ. ಕಡತದ ಹೆಸರು 'ಪಿಡಿಎಫ್.ಇಎಕ್ಸ್‌ಇ' ಎಂದು ಮುಗಿದಲ್ಲಿ ಅದು ದಾಖಲೆಯಲ್ಲ, ಯಂತ್ರದಲ್ಲಿ ಚಾಲನೆಗೊಳ್ಳುವ ತಂತ್ರಾಂಶ. ಕಡತಗಳ ಪೂರ್ಣ ಹೆಸರು ಕಾಣುವಂತೆ 'ಫೈಲ್ ಎಕ್ಸ್‌ಟೆನ್ಷನ್' ತೋರಿಸುವ ಆಯ್ಕೆಯನ್ನು ಚಾಲನೆಗೊಳಿಸಬೇಕು.

(4) ಬ್ರೌಸರ್‌ಗೆ ಸೇರಿಸುವ ಎಕ್ಸ್‌ಟೆನ್ಷನ್‌ಗಳು ತೆರೆದ ಪುಟಗಳಲ್ಲಿನ ವಿವರಗಳನ್ನು ಓದಬಲ್ಲವು. ಅಗತ್ಯವಿಲ್ಲದ ಎಕ್ಸ್‌ಟೆನ್ಷನ್‌ಗಳನ್ನು ತೆಗೆದುಹಾಕಬೇಕು.

7. ತೆರೆಯ ಮೇಲಿನ ಬೆದರಿಕೆ ಮತ್ತು ಆಮಿಷಗಳು

ನಕಲಿ ವೈರಸ್ ಎಚ್ಚರಿಕೆ: ಪುಟವೊಂದು ಇದ್ದಕ್ಕಿದ್ದಂತೆ ಇಡೀ ತೆರೆಯನ್ನು ಆವರಿಸಿ, ಸದ್ದು ಮಾಡುತ್ತಾ, ನೀಡಿರುವ ಸಂಖ್ಯೆಗೆ ಕೂಡಲೇ ಕರೆ ಮಾಡುವಂತೆ ಸೂಚಿಸಬಹುದು. ಮೈಕ್ರೋಸಾಫ್ಟ್ ಸಂಸ್ಥೆಯ ನೈಜ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಇಂತಹ ಪುಟವನ್ನು ಮುಚ್ಚಲು ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಮುಚ್ಚದಿದ್ದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಅನ್ನು ಕೊನೆಗೊಳಿಸಬೇಕು. ಅದೂ ಆಗದಿದ್ದಲ್ಲಿ ಯಂತ್ರವನ್ನು ಆರಿಸಬಹುದು.

'ನಾನು ರೋಬಾಟ್ ಅಲ್ಲ' ಎಂಬ ನಕಲಿ ಪರೀಕ್ಷೆ: 2024ರಿಂದ ಈಚೆಗೆ ವ್ಯಾಪಕವಾಗಿ ಕಂಡುಬಂದಿರುವ ವಂಚನೆಯಿದು. ಬಳಕೆದಾರರು ಮನುಷ್ಯರೆಂದು ಖಚಿತಪಡಿಸಲು ವಿಂಡೋಸ್ ಕೀಲಿ ಮತ್ತು ಆರ್ ಕೀಲಿಯನ್ನು ಒತ್ತಿ, ನಂತರ ಕಂಟ್ರೋಲ್ ಮತ್ತು ವಿ ಕೀಲಿಯನ್ನು ಒತ್ತಿ, ಕೊನೆಗೆ ಎಂಟರ್ ಒತ್ತುವಂತೆ ಪುಟವು ಕೇಳುತ್ತದೆ. ಹೀಗೆ ಮಾಡಿದಲ್ಲಿ, ಪುಟವು ಗುಟ್ಟಾಗಿ ನಕಲು ಮಾಡಿಟ್ಟ ಆದೇಶವನ್ನು ಬಳಕೆದಾರರೇ ತಮ್ಮ ಯಂತ್ರಕ್ಕೆ ನೀಡಿದಂತಾಗುತ್ತದೆ. ನೈಜ ಪರೀಕ್ಷೆಯು ಚಿತ್ರಗಳನ್ನು ಆರಿಸಲು, ಅಕ್ಷರಗಳನ್ನು ಬರೆಯಲು ಅಥವಾ ಚೌಕವೊಂದನ್ನು ಒತ್ತಲು ಮಾತ್ರ ಕೇಳುತ್ತದೆ. ಬ್ರೌಸರ್‌ನ ಹೊರಗೆ ಏನನ್ನಾದರೂ ತೆರೆಯಲು ಎಂದಿಗೂ ಕೇಳುವುದಿಲ್ಲ.

ಅಧಿಸೂಚನೆಗೆ ಅನುಮತಿ: 'ಅಧಿಸೂಚನೆ ಕಳುಹಿಸಲು ಅನುಮತಿಸಿ' ಎಂಬ ಕೋರಿಕೆಗೆ ಒಪ್ಪಿದಲ್ಲಿ, ಆ ತಾಣವನ್ನು ಮುಚ್ಚಿದ ಮೇಲೂ ನಕಲಿ ಎಚ್ಚರಿಕೆ ಮತ್ತು ಜಾಹೀರಾತುಗಳು ಬರುತ್ತಿರಬಹುದು. ಅಪರಿಚಿತ ತಾಣಗಳಿಗೆ ಈ ಅನುಮತಿಯನ್ನು ನಿರಾಕರಿಸಬೇಕು. ಈಗಾಗಲೇ ನೀಡಿದ್ದಲ್ಲಿ ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಹಿಂಪಡೆಯಬಹುದು.

ದೂರದಿಂದ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶ: ಅರ್ಜಿ ತುಂಬಲು ಅಥವಾ ಹಣ ಹಿಂದಿರುಗಿಸಲು ನೆರವಾಗುವುದಾಗಿ ಹೇಳಿ, ತೆರೆಯನ್ನು ಹಂಚಿಕೊಳ್ಳುವ ತಂತ್ರಾಂಶವನ್ನು ಅಳವಡಿಸಲು ಅಪರಿಚಿತರು ಕೇಳಿದಲ್ಲಿ ನಿರಾಕರಿಸತಕ್ಕದ್ದು.

8. ಗುಪ್ತಪದ, ದಾಖಲೆ ಮತ್ತು ಶುಲ್ಕ ಪಾವತಿ

ಪ್ರತಿಯೊಂದು ತಾಣಕ್ಕೂ ಪ್ರತ್ಯೇಕ ಗುಪ್ತಪದವಿರಬೇಕು. ಒಂದೇ ಗುಪ್ತಪದವನ್ನು ಎಲ್ಲೆಡೆ ಬಳಸಿದಲ್ಲಿ, ಒಂದು ನಕಲಿ ತಾಣಕ್ಕೆ ನೀಡಿದ ಗುಪ್ತಪದದಿಂದ ಇ-ಮೇಲ್ ಹಾಗೂ ಇತರ ಖಾತೆಗಳೂ ವಂಚಕರ ಪಾಲಾಗುತ್ತವೆ. ಗುಪ್ತಪದಗಳನ್ನು ನೆನಪಿಟ್ಟುಕೊಳ್ಳುವ 'ಪಾಸ್‌ವರ್ಡ್ ಮ್ಯಾನೇಜರ್' ತಂತ್ರಾಂಶದಿಂದ ಇನ್ನೊಂದು ಉಪಯೋಗವೂ ಇದೆ. ಅದು ಉಳಿಸಿಟ್ಟ ವಿಳಾಸದಲ್ಲಿ ಮಾತ್ರ ಗುಪ್ತಪದವನ್ನು ತಾನಾಗಿ ತುಂಬುತ್ತದೆ. ಎಂದಿನಂತೆ ತುಂಬದಿದ್ದಲ್ಲಿ ವಿಳಾಸವು ಬೇರೆಯಾಗಿದೆಯೇ ಎಂದು ಪರಿಶೀಲಿಸಬೇಕು. ಇ-ಮೇಲ್ ಖಾತೆಗೆ ಎರಡು ಹಂತದ ದೃಢೀಕರಣವನ್ನು ಅಳವಡಿಸಿಕೊಳ್ಳುವುದು ಅತ್ಯವಶ್ಯಕ. ಅನೇಕ ಖಾತೆಗಳ ಗುಪ್ತಪದವನ್ನು ಇ-ಮೇಲ್ ಮೂಲಕವೇ ಬದಲಾಯಿಸಬಹುದಾಗಿರುವುದು ಇದಕ್ಕೆ ಕಾರಣ.

ಬ್ಯಾಂಕುಗಳ ತಾಣವನ್ನು ಗುರುತಿಸಲು ಅನುಕೂಲವಾಗುವಂತೆ ಭಾರತೀಯ ರಿಸರ್ವ್ ಬ್ಯಾಂಕ್ 'ಬ್ಯಾಂಕ್.ಇನ್' ಎಂದು ಮುಗಿಯುವ ವಿಶೇಷ ವಿಳಾಸವನ್ನು 2025ರಲ್ಲಿ ಜಾರಿಗೆ ತಂದಿತು. 2025ರ ಅಕ್ಟೋಬರ್ 31ರೊಳಗೆ ಈ ವಿಳಾಸಕ್ಕೆ ಬದಲಾಗಬೇಕೆಂದು ಬ್ಯಾಂಕುಗಳಿಗೆ ಸೂಚಿಸಲಾಗಿತ್ತು. ಬ್ಯಾಂಕಿನ ತಾಣವನ್ನು ತೆರೆಯುವಾಗ ವಿಳಾಸದ ಕೊನೆಯಲ್ಲಿ ಇದನ್ನು ಗಮನಿಸಬೇಕು.

ಶುಲ್ಕ ಪಾವತಿಸುವ ಮುನ್ನ ಸೇವೆಯ ನಿಗದಿತ ಶುಲ್ಕವನ್ನು ಇಲಾಖೆಯ ತಾಣದಲ್ಲಿ ತಿಳಿದುಕೊಳ್ಳಬೇಕು. ವ್ಯಕ್ತಿಯೊಬ್ಬರ ಹೆಸರಿನ ಖಾತೆಗೆ ಅಥವಾ ಮೊಬೈಲ್ ಸಂಖ್ಯೆಗೆ ಹಣ ಕಳುಹಿಸುವಂತೆ ಕೇಳಿದಲ್ಲಿ ಪಾವತಿಸಬಾರದು. ಹಣವನ್ನು ಸ್ವೀಕರಿಸಲು ಯುಪಿಐ ಪಿನ್ ಅಗತ್ಯವಿಲ್ಲ. ಸಹಾಯಧನ ಜಮಾ ಮಾಡುವುದಾಗಿ ಹೇಳಿ ಪಿನ್ ಕೇಳುವುದು ವಂಚನೆಯಾಗಿದೆ.

9. ಸೈಬರ್ ಕೆಫೆ ಮತ್ತು ಇತರರ ಗಣಕಯಂತ್ರದಲ್ಲಿ ಅರ್ಜಿ ಸಲ್ಲಿಸುವಾಗ

ಮನೆಯಲ್ಲಿ ಗಣಕಯಂತ್ರವಿಲ್ಲದವರು ಗ್ರಾಮ ಒನ್, ಕರ್ನಾಟಕ ಒನ್ ಮುಂತಾದ ಅಧಿಕೃತ ಕೇಂದ್ರಗಳ ಮೂಲಕ ಅರ್ಜಿ ಸಲ್ಲಿಸಬಹುದು. ಸೈಬರ್ ಕೆಫೆಯನ್ನು ಬಳಸುವುದು ಅನಿವಾರ್ಯವಾದಲ್ಲಿ ಗುಪ್ತಪದವನ್ನು ಬ್ರೌಸರ್‌ನಲ್ಲಿ ಉಳಿಸಬಾರದು. ಕೆಲಸ ಮುಗಿದ ಮೇಲೆ ತಪ್ಪದೆ ಲಾಗ್‌ಔಟ್ ಮಾಡಬೇಕು. ಇಳಿಸಿಕೊಂಡ ಇ-ಆಧಾರ್ ಹಾಗೂ ಇತರ ದಾಖಲೆಗಳನ್ನು ಅಳಿಸಿ, 'ರೀಸೈಕಲ್ ಬಿನ್' ಅನ್ನೂ ಖಾಲಿ ಮಾಡಬೇಕು. ಒಟಿಪಿಯನ್ನು ಅರ್ಜಿದಾರರೇ ನಮೂದಿಸಬೇಕು. ಮೊಬೈಲನ್ನು ಬೇರೆಯವರ ಕೈಗೆ ಕೊಡಬಾರದು.

10. ವಂಚನೆ ಅಥವಾ ಸೋಂಕು ಸಂಭವಿಸಿದಲ್ಲಿ ಅನುಸರಿಸಬೇಕಾದ ಕ್ರಮಗಳು

(1) ಹಣ ಹೋಗಿದ್ದಲ್ಲಿ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯಡಿ ಕಾರ್ಯನಿರ್ವಹಿಸುವ ಸೈಬರ್ ಅಪರಾಧ ಸಹಾಯವಾಣಿ. ದೂರು ದಾಖಲಾದ ಬಳಿಕ, ಹಣವು ತಲುಪಿದ ಬ್ಯಾಂಕಿಗೆ ಮಾಹಿತಿ ರವಾನೆಯಾಗಿ, ಖಾತೆಯಲ್ಲಿ ಉಳಿದಿರುವ ಮೊತ್ತವನ್ನು ತಡೆಹಿಡಿಯಲು ಅವಕಾಶವಾಗುತ್ತದೆ. ವಂಚಕರು ಹಣವನ್ನು ಬಹುಬೇಗ ಬೇರೆ ಖಾತೆಗಳಿಗೆ ವರ್ಗಾಯಿಸುವುದರಿಂದ ಪ್ರತಿಯೊಂದು ನಿಮಿಷವೂ ಮುಖ್ಯ.

(2) ಬ್ಯಾಂಕಿಗೂ ತಿಳಿಸಿ ಕಾರ್ಡ್ ಅಥವಾ ನೆಟ್‌ಬ್ಯಾಂಕಿಂಗ್ ಅನ್ನು ಸ್ಥಗಿತಗೊಳಿಸಬೇಕು. ದೂರಿನ ಸಂಖ್ಯೆಯನ್ನು ಪಡೆದುಕೊಳ್ಳಬೇಕು.

(3) 'ಸೈಬರ್‌ಕ್ರೈಂ.ಗವ್.ಇನ್' ತಾಣದಲ್ಲಿ ಲಿಖಿತ ದೂರು ದಾಖಲಿಸಬೇಕು. 2019ರಲ್ಲಿ ಆರಂಭವಾದ ಈ ತಾಣದಲ್ಲಿ ದೇಶದ ಯಾವುದೇ ಭಾಗದಿಂದ ದೂರು ನೀಡಬಹುದು. ಹತ್ತಿರದ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು.

(4) ನಕಲಿ ತಾಣದ ವಿಳಾಸ, ತೆರೆಯ ಚಿತ್ರ, ಹಣ ವರ್ಗಾವಣೆಯ ಸಂಖ್ಯೆ, ಬಂದ ಸಂದೇಶಗಳು ಇವುಗಳನ್ನು ಅಳಿಸದೆ ಉಳಿಸಿಕೊಳ್ಳಬೇಕು. ಇವು ತನಿಖೆಗೆ ಸಾಕ್ಷ್ಯವಾಗುತ್ತವೆ.

(5) ಗಣಕಯಂತ್ರಕ್ಕೆ ಸೋಂಕು ತಗುಲಿದ ಶಂಕೆಯಿದ್ದಲ್ಲಿ ಇಂಟರ್ನೆಟ್ ಸಂಪರ್ಕವನ್ನು ಕಡಿತಗೊಳಿಸಬೇಕು. ಬೇರೊಂದು ಸುರಕ್ಷಿತ ಯಂತ್ರದಿಂದ ಮೊದಲು ಇ-ಮೇಲ್, ನಂತರ ಬ್ಯಾಂಕ್ ಮತ್ತು ಇತರ ಖಾತೆಗಳ ಗುಪ್ತಪದಗಳನ್ನು ಬದಲಾಯಿಸಬೇಕು. ಸೋಂಕು ತಗುಲಿದ ಯಂತ್ರದಲ್ಲಿಯೇ ಬದಲಾಯಿಸಿದಲ್ಲಿ ಹೊಸ ಗುಪ್ತಪದವೂ ಕಳ್ಳತನವಾಗಬಹುದು.

(6) ನಂತರ ಯಂತ್ರವನ್ನು ವೈರಸ್ ನಿರೋಧಕದಿಂದ ಪೂರ್ಣ ಪರೀಕ್ಷೆಗೆ ಒಳಪಡಿಸಬೇಕು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ (ಸಿಎಸ್‌ಕೆ.ಗವ್.ಇನ್) ದುಷ್ಟ ತಂತ್ರಾಂಶವನ್ನು ತೆಗೆದುಹಾಕುವ ಉಚಿತ ಸಾಧನಗಳು ಲಭ್ಯವಿವೆ. ಈ ಕೇಂದ್ರವು 2017ರ ಫೆಬ್ರವರಿಯಲ್ಲಿ ಆರಂಭವಾಯಿತು.

(7) ಅರ್ಜಿಯನ್ನು ನಕಲಿ ತಾಣದಲ್ಲಿ ಸಲ್ಲಿಸಿದ್ದಲ್ಲಿ, ದೂರಿನ ಫಲಿತಾಂಶಕ್ಕೆ ಕಾಯದೆ, ಅಧಿಕೃತ ತಾಣದಲ್ಲಿ ಅದೇ ದಿನ ಹೊಸದಾಗಿ ಅರ್ಜಿ ಸಲ್ಲಿಸಬೇಕು.

11. ಕಾನೂನಿನ ಅವಕಾಶಗಳು

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 66ಸಿ ಅನ್ವಯ ಇತರರ ಗುಪ್ತಪದ ಅಥವಾ ಗುರುತಿನ ವಿವರಗಳನ್ನು ಮೋಸದಿಂದ ಬಳಸುವುದು ಹಾಗೂ ಪ್ರಕರಣ 66ಡಿ ಅನ್ವಯ ಗಣಕಯಂತ್ರದ ಮೂಲಕ ಮತ್ತೊಬ್ಬರ ಸೋಗು ಹಾಕಿ ವಂಚಿಸುವುದು ಅಪರಾಧವಾಗಿದೆ. ಎರಡಕ್ಕೂ 3 ವರ್ಷಗಳವರೆಗೆ ಕಾರಾವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕರಣ 173ರ ಮೇರೆಗೆ, ಅಪರಾಧವು ಯಾವ ಪ್ರದೇಶದಲ್ಲಿ ನಡೆದಿದ್ದರೂ ಅದರ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ನೀಡಬಹುದಾಗಿದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಕಲಿ ತಾಣವನ್ನು ತೆರೆದು, ಏನನ್ನೂ ತುಂಬದೆ ಮುಚ್ಚಲಾಗಿದೆ. ಅಪಾಯವಿದೆಯೇ?
ಉತ್ತರ: ಯಾವುದೇ ಕಡತವನ್ನು ಇಳಿಸಿಕೊಂಡಿಲ್ಲದಿದ್ದಲ್ಲಿ, ಅನುಮತಿ ನೀಡಿಲ್ಲದಿದ್ದಲ್ಲಿ ಮತ್ತು ಬ್ರೌಸರ್ ಪರಿಷ್ಕೃತವಾಗಿದ್ದಲ್ಲಿ ಅಪಾಯವು ಅತ್ಯಲ್ಪ. ವೈರಸ್ ನಿರೋಧಕದಿಂದ ಒಮ್ಮೆ ಪರೀಕ್ಷಿಸುವುದು ಸಾಕು.

ಪ್ರಶ್ನೆ: ಒಟಿಪಿಯನ್ನು ನೀಡಿದ್ದು ಅರ್ಜಿದಾರರದೇ ತಪ್ಪಾದುದರಿಂದ ದೂರು ನೀಡಿ ಪ್ರಯೋಜನವಿದೆಯೇ?
ಉತ್ತರ: ಇದೆ. ವಂಚನೆಗೆ ಒಳಗಾಗುವುದು ಅಪರಾಧವಲ್ಲ. ಸಂಕೋಚದಿಂದ ತಡಮಾಡಿದಲ್ಲಿ ಹಣವನ್ನು ತಡೆಹಿಡಿಯುವ ಅವಕಾಶವು ಕೈತಪ್ಪುತ್ತದೆ. ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯೂ, ಗ್ರಾಹಕರು ಬ್ಯಾಂಕಿಗೆ ಎಷ್ಟು ಬೇಗ ತಿಳಿಸಿದರೆಂಬುದನ್ನು ಆಧರಿಸಿಯೇ ನಷ್ಟದ ಹೊಣೆಯನ್ನು ನಿಗದಿಪಡಿಸಿತ್ತು. ಈಗ ಅನ್ವಯಿಸುವ ನಿಯಮಗಳನ್ನು ಬ್ಯಾಂಕಿನಲ್ಲಿ ವಿಚಾರಿಸಿ ತಿಳಿಯಬಹುದು.

ಪ್ರಶ್ನೆ: ಲಿನಕ್ಸ್ ಅಥವಾ ಆಪಲ್ ಗಣಕಯಂತ್ರವನ್ನು ಬಳಸುವವರಿಗೆ ಈ ಸೂಚನೆಗಳು ಅನ್ವಯಿಸುತ್ತವೆಯೇ?
ಉತ್ತರ: ಅನ್ವಯಿಸುತ್ತವೆ. ನಕಲಿ ತಾಣದಲ್ಲಿ ಅರ್ಜಿದಾರರೇ ತುಂಬಿದ ವಿವರಗಳನ್ನು ಯಾವ ಯಂತ್ರವೂ ರಕ್ಷಿಸಲಾರದು.

13. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

• ವಿಳಾಸವು 'ಗವ್.ಇನ್' ಎಂದು ಮುಗಿಯುತ್ತದೆಯೇ, ಅಥವಾ ಅಂತಹ ತಾಣದಲ್ಲಿನ ಕೊಂಡಿಯ ಮೂಲಕ ತೆರೆಯಲಾಗಿದೆಯೇ?
• ಕೊಂಡಿಯು ಜಾಹೀರಾತು ಅಥವಾ ಮೊಬೈಲ್ ಸಂದೇಶದಿಂದ ಬಂದಿದ್ದಲ್ಲವೇ?
• ಕೇಳಿರುವ ಶುಲ್ಕವು ಇಲಾಖೆಯು ನಿಗದಿಪಡಿಸಿದಷ್ಟೇ ಇದೆಯೇ?
• ಸೇವೆಗೆ ಸಂಬಂಧವಿಲ್ಲದ ವಿವರಗಳನ್ನು, ಅಂದರೆ ಯುಪಿಐ ಪಿನ್, ಎಟಿಎಂ ಪಿನ್ ಮುಂತಾದವನ್ನು, ಪುಟವು ಕೇಳುತ್ತಿಲ್ಲವೇ?
• ಸಲ್ಲಿಸಿದ ಬಳಿಕ ಸ್ವೀಕೃತಿ ಸಂಖ್ಯೆ ದೊರೆತಿದೆಯೇ, ಮತ್ತು ಆ ಸಂಖ್ಯೆಯಿಂದ ಅಧಿಕೃತ ತಾಣದಲ್ಲಿ ಅರ್ಜಿಯ ಸ್ಥಿತಿಯು ಕಾಣುತ್ತಿದೆಯೇ?

ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ. ನಕಲಿ ತಾಣವು ನೀಡಿದ ಸ್ವೀಕೃತಿಯನ್ನು ನಂಬಿ ಕುಳಿತ ವಿದ್ಯಾರ್ಥಿಗೆ, ಅರ್ಜಿಯು ಇಲಾಖೆಗೆ ತಲುಪಿಲ್ಲವೆಂಬ ವಿಷಯವು ಕೊನೆಯ ದಿನಾಂಕ ಕಳೆದ ಮೇಲೆ ತಿಳಿಯುತ್ತದೆ. ಕಳೆದ ಹಣವು ದೂರಿನಿಂದ ಮರಳಿ ದೊರೆಯಬಹುದು. ಕಳೆದ ದಿನಾಂಕವು ಮರಳಿ ದೊರೆಯುವುದು ಕಷ್ಟ. ಆದುದರಿಂದ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸಿ, ಅದೇ ದಿನ ಅದರ ಸ್ಥಿತಿಯನ್ನು ಅಧಿಕೃತ ತಾಣದಲ್ಲಿ ಪರಿಶೀಲಿಸತಕ್ಕದ್ದು. ಮನೆಯ ಹಿರಿಯರಿಗೂ ವಿದ್ಯಾರ್ಥಿಗಳಿಗೂ ಈ ಮಾಹಿತಿಯನ್ನು ತಿಳಿಸಿ, ಇದರ ಸದುಪಯೋಗವನ್ನು ಪಡೆದುಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.